ಎಡಗಡೆಯ ಜೇಬು

ಗ್ರಿಮ್ಸ್‌ಬಿಯಲ್ಲಿ, ಬಂದರಿನ ಹಿಂದಿನ ಬೀದಿಯ
ಚರ್ಚಿನ ಪಡಸಾಲೆ. ಆಗಸ್ಟಿನ ಕೊನೆಯ ಗುರುವಾರ.
ಮೇಜಿನ ಮೇಲೆ ಸಮವಸ್ತ್ರದ ರಾಶಿ.
ನನ್ನ ಕೆಲಸ ಹೆಸರು ಬಿಚ್ಚುವುದು.

ಮೂವತ್ತೊಂದು ವರ್ಷ ಮೀನಿನ ಶೆಡ್ಡಿನಲ್ಲಿ
ಹ್ಯಾಡಕ್ಕಿನ ಮುಳ್ಳು ತೆಗೆದ ಬೆರಳುಗಳಿವು,
ಮಾಂಸ ಹರಿಯದಂತೆ ಎಳೆಯಬಲ್ಲವು.
ಈಗ ಕಾಲರಿನ ಒಳಗೆ ಕೂತ ಬಿಳಿ ಪಟ್ಟಿ,
ಅದರ ಮೇಲೆ ಕೆಂಪು ದಾರದ ಹೆಸರು;
ಒಂದೊಂದೇ ಹೊಲಿಗೆ, ಚಿಮುಟದ ತುದಿಯಲ್ಲಿ.

ಕೆಲವು ತಾಯಂದಿರದು ಇರುವೆ ಸಾಲಿನಂಥ ಹೊಲಿಗೆ.
ಕೆಲವರದು ಅವಸರ, ನಾಲ್ಕು ಮೂಲೆಗೆ ನಾಲ್ಕು ಗಂಟು.
ಒಬ್ಬ ಅಪ್ಪ ಸ್ಟೇಪ್ಲರ್ ಹೊಡೆದಿದ್ದ.
ನಗು ಬಂತು. ಆಮೇಲೆ,
ಮನೆಯಲ್ಲಿ ಸೂಜಿ ಹಿಡಿಯುವವರು
ಈಗ ಯಾರೂ ಇಲ್ಲವೇನೋ ಅನ್ನಿಸಿ
ನಗು ಹಲ್ಲಿನ ಹಿಂದೆಯೇ ನಿಂತಿತು.

ಪ್ಯಾಂಟಿನ ಅಂಚು ಬಿಚ್ಚಿದರೆ ಹಳೆಯ ಮಡಿಕೆಯ ಗೆರೆಗಳು,
ಕ್ರಿಸ್ಮಸ್ಸಿಗೊಂದು, ಈಸ್ಟರಿಗೊಂದು.
ಇಸ್ತ್ರಿಗೂ ಹೋಗುವುದಿಲ್ಲ ಅವು.
ಶಾಯಿಗೆ ಹಾಲು, ಕಾಲರಿಗೆ ಬಾರ್ ಸೋಪು,
ಹೊಳಪೇರಿದ ಮೊಣಕೈಗೆ ವಿನೆಗರ್ ಒರೆಸಿ ಹಬೆ.
ಕೇಳಿದವರಿಗೆ ಹೇಳುತ್ತೇನೆ. ಕೇಳದವರಿಗೂ.

ಹೊಸ ಬ್ಲೇಜರಿಗೆ ಅಂಗಡಿಯಲ್ಲಿ ನಲವತ್ತೆರಡು ಪೌಂಡು.
ಇಲ್ಲಿ ಬಿಸ್ಕತ್ತಿನ ಡಬ್ಬಿಗೆ ಕೈಲಾದಷ್ಟು.
ಮುಚ್ಚಳದಲ್ಲಿ ಸೀಳು, ಎಷ್ಟೆಂದು ಯಾರಿಗೂ ಕಾಣದು.
ತಳಕ್ಕೆ ನಾನೇ ಫ್ಲಾನೆಲ್ ಹಾಸಿದ್ದೇನೆ,
ನಾಣ್ಯ ಬಿದ್ದರೂ, ಬೀಳದಿದ್ದರೂ
ಸದ್ದು ಒಂದೇ.

ಆ ದಿನ ಡೆನೀಸ್ ಸೌವರ್ಬಿ ಬಂದಳು,
ಬಾಗಿಲ ಕಡೆಗೊಂದು ಕಣ್ಣಿಟ್ಟುಕೊಂಡು.
ಜೊತೆಗೆ ಮಗಳು ಮಾರ್ನಿ, ಹನ್ನೊಂದು ತುಂಬಿದವಳು,
ಭುಜ ಇನ್ನೂ ಹ್ಯಾಂಗರಿನಷ್ಟೇ ಅಗಲ.
ಕಡುಹಸಿರು ಬ್ಲೇಜರು ತೊಡಿಸಿದೆ.
ಆ ಬ್ಲೇಜರು ನನಗೆ ಗೊತ್ತು,
ಈ ಮೇಜಿಗೆ ಅದು ಬಂದದ್ದು ಮೂರನೇ ಸಲ.
ತೋಳು ಉದ್ದ, ಬೆರಳಿನ ತುದಿ ಮಾತ್ರ ಆಚೆ.
"ಬೆಳೀತಾಳೆ," ಅಂದೆ. "ಬೆಳೀತಾಳೆ," ಅಂದಳು ಡೆನೀಸ್,
ಬಿಲ್ಲು ಕಟ್ಟುವವಳ ದನಿಯಲ್ಲಿ.

ಅಷ್ಟರಲ್ಲಿ ರೋವೆನಾ ಕಟ್‌ಫೋರ್ತ್ ಒಳಗೆ ಬಂದಳು,
ದೊಡ್ಡ ಅಳತೆಯ ಸ್ಕರ್ಟು ಹುಡುಕಿಕೊಂಡು.
ಒಂದು ಗಳಿಗೆಯ ಹಿಂದೆ ಆ ಕಾಲರಿನಿಂದ
ನಾನು ಬಿಚ್ಚಿದ್ದು ಅವಳದೇ ಹೆಸರು,
ಪಟ್ಟಿ ಇನ್ನೂ ನನ್ನ ಮಡಿಲಲ್ಲಿತ್ತು.

ಕನ್ನಡಿಯ ಮುಂದೆ ಮಾರ್ನಿ ಕೆಂಪಾದಳು.
ಕಿವಿ ಮೊದಲು, ಆಮೇಲೆ ಕತ್ತು.
ಡೆನೀಸ್ ಶರ್ಟೊಂದನ್ನು ಮಡಿಸಿದಳು,
ಮಡಿಸಿದ್ದನ್ನೇ ಮತ್ತೆ ಮಡಿಸಿದಳು.
ನಾನು ಏನಾದರೂ ಹೇಳಬೇಕಿತ್ತು,
ಮಾತು ಸಿಗಲಿಲ್ಲ.

ರೋವೆನಾ ಹತ್ತಿರ ಬಂದು ತಗ್ಗಿದ ದನಿಯಲ್ಲಿ,
ಪರೀಕ್ಷೆಯ ಪ್ರಶ್ನೆ ಹೇಳಿಕೊಡುವವಳಂತೆ:
"ಎಡಗಡೆ ಜೇಬು ತೂತು. ಬಸ್ಸಿನ ಕಾಸು ಹಾಕ್ಬೇಡ,
ಅಸ್ತರಿಗೆ ಇಳಿದುಬಿಡತ್ತೆ.
ಮಳೇಲಿ ನೆನೆದ್ರೆ ನಾಯಿ ವಾಸನೆ,
ಮೊದಲ ಪೀರಿಯಡ್ಡು ಮುಗಿಯೋ ಹೊತ್ತಿಗೆ ಹೋಗತ್ತೆ.
ಬಲಗಡೆ ಒಳಜೇಬು ಒಳ್ಳೇದು,
ಮೇಷ್ಟ್ರಿಗೆ ಅದು ಇರೋದೇ ಗೊತ್ತಿಲ್ಲ."

ಬ್ಲೇಜರು ಬಿಚ್ಚಿ ತಲೆಕೆಳಗಾಗಿಸಿದರು ಇಬ್ಬರೂ,
ಬೆರಳು ತೂರಿಸಿ ಅಸ್ತರಿಯನ್ನು ತಡಕಿದರು.
ಕೂದಲ ಕ್ಲಿಪ್ಪೊಂದು, ಚಿಂಗಮ್ಮಿನ ಬೆಳ್ಳಿ ಕಾಗದ,
ಇಪ್ಪತ್ತು ಪೆನ್ಸಿನ ನಾಣ್ಯ.
ಮೂರು ಸಲ ಒಗೆದು ಒಣಗಿಸಿದ ನನ್ನ ಕೈಗೆ
ಒಮ್ಮೆಯೂ ಸಿಕ್ಕಿರಲಿಲ್ಲ ಅವು. ಮುಳ್ಳು ಹುಡುಕುವ ಕೈ!

ಕ್ಲಿಪ್ಪನ್ನು ರೋವೆನಾ ಮುಡಿದುಕೊಂಡಳು.
ನಾಣ್ಯವನ್ನು ಮಾರ್ನಿ ಅವಳತ್ತ ಚಾಚಿದರೆ
"ಅದು ನಂದಲ್ಲ," ಅಂದಳು. "ನಂಗಿಂತ ಮುಂಚೆಯವರದು ಇರ್ಬೇಕು.
ಕೋಟಿಂದು ಅಂತಿಟ್ಕೋ."

ಹೊಲಿದುಕೊಡಲೇ ಆ ತೂತನ್ನು ಎಂದು ಕೇಳಿದೆ,
ಸೂಜಿಗೆ ಹಸಿರು ದಾರ ಆಗಲೇ ಪೋಣಿಸಿತ್ತು.
ಮಾರ್ನಿ ಬೇಡವೆಂದು ತಲೆಯಾಡಿಸಿ
ನಾಣ್ಯವನ್ನು ಎಡಗಡೆಯ ಜೇಬಿಗೆ ಹಾಕಿದಳು,
ಅದು ಎಲ್ಲಿಗೆ ಇಳಿಯುತ್ತದೆಂದು
ತಲೆ ಓರೆಮಾಡಿ ಆಲಿಸಿದಳು.

ರೋವೆನಾಳ ಹೆಸರಿನ ಪಟ್ಟಿ ಇನ್ನೂ ನನ್ನ ಹತ್ತಿರವಿದೆ.
ಎಸೆಯಬೇಕು. ಮುಂದಿನ ಗುರುವಾರ ನೋಡೋಣ.