ಆಯಿಯ ಒಳ್ಳು

ಎಲೆಕ್ಷನ್ ಮುಗಿದ ಹನ್ನೊಂದನೆಯ ದಿನ
ಸವಣೂರು ಠಾಣೆಯಿಂದ ಮನೆಗೆ ಬಂತು ಬಂದೂಕು,
ಕೊರಳಲ್ಲಿ ರಟ್ಟಿನ ಚೀಟಿ, ಚೀಟಿಯ ಮೇಲೆ ತಪ್ಪು ಹೆಸರು,
ನಳಿಗೆಯೊಳಗೆ ಜೇಡ.

‘ಉಸಿರಾಡತೈತೋ ಇಲ್ಲೋ ನೋಡಬೇಕು’
ಅಂದ ಮೈಲಾರೆಪ್ಪ ಕಾಕಾ.

ಹುಬ್ಬಳ್ಳಿಯ ತಯಬ್ ಸೇಠರು
ಕನ್ನಡಕ ಹಣೆಗೇರಿಸಿ, ನಳಿಗೆಯ ಬಾಯಿಗೆ ಕಿರುಬೆರಳಿಟ್ಟು ನಕ್ಕರು:
‘ಈ ಅಳತಿ ತೋಟಾ ಮಾಡೋ ಕಾರ್ಖಾನಿ ಮುಚ್ಚಿದಾಗ
ನಮ್ಮಪ್ಪಂದು ಲಗ್ನಾನ ಆಗಿದ್ದಿಲ್ಲ.
ಹಳೇ ಪಿತ್ತಾಳಿ ಕೊಳವಿ ಇದ್ರ ತುಂಬಿಕೊಳ್ರಿ.’
ಲೈಸೆನ್ಸ್ ಪುಸ್ತಕದಲ್ಲಿ ಬರೆದು
ಒಂದು ಡಬ್ಬಿ ಕರಿಮದ್ದು ಕೊಟ್ಟರು,
ಹತ್ತು ಕ್ಯಾಪು, ಎರಡು ಚಹಾ.

ಊರು ತಿರುಗಿದೆವು.
ಮುತ್ತಜ್ಜ ಹಂದಿ ಹೊಡೆದಲ್ಲೆಲ್ಲ ಉದುರಿಸಿ ಹೋದದ್ದನ್ನು
ಊರು ಹೆಕ್ಕಿಕೊಂಡು ಬೇರೆ ಬಾಳಿಗೆ ಹಚ್ಚಿತ್ತು.
ಪತ್ತಾರ ಮೌನೇಶನ ಊದುಗೊಳವೆಗೆ ತುದಿಯಾಗಿ ಒಂದು,
ತಳ ಕೊರೆದದ್ದು.
ಕುರಿ ಕಾಯುವ ಬೀರಪ್ಪನ ಕೋಲಿಗೆ ಬೂಟಾಗಿ ಒಂದು,
ಬಗಲಿಗೆ ಮೊಳೆ ಜಡಿದದ್ದು.
ಇನ್ನೊಂದನ್ನು ಸೀಟಿ ಮಾಡಿಕೊಂಡು
ಡ್ರಿಲ್ ಮಾಸ್ತರರು ಊದಿ ಊದಿ ರಿಟೈರಾಗಿದ್ದರು;
ಕೊಡುವ ಮುನ್ನ ಕೊನೆಗೊಮ್ಮೆ ಊದಿದರು,
ಅಂಗಳದ ಕೋಳಿಗಳೂ ಅಟೆನ್ಷನ್.
ಅದರದೂ ಪಕ್ಕೆ ಸೀಳಿತ್ತು.

ಸೀಸ ಸಿಕ್ಕಿದ್ದು ಗದಗದಲ್ಲಿ.
ಮುಚ್ಚಿದ ಅಚ್ಚುಕೂಟದ ಹಿತ್ತಲು,
ಗೋಣಿಚೀಲದ ತುಂಬ ಅಕ್ಷರ, ಕಿಲೋ ಲೆಕ್ಕ.
ತೂಗುತ್ತ ತೂಗುತ್ತ ಕೊಟ್ರಯ್ಯನವರು
ಕೈಯಾಡಿಸಿ ಮೂರು ಮೊಳೆ ಆರಿಸಿ ಕಿಸೆಗೆ ಹಾಕಿಕೊಂಡರು:
‘ಇವು ಕೊಡಂಗಿಲ್ಲ, ನನ್ನ ಹೆಸರಿನವು.’

ಕಬ್ಬಿಣದ ಸೌಟಿನಲ್ಲಿ
ಮೊದಲು ಒತ್ತಕ್ಷರ ಕರಗಿದವು, ಆಮೇಲೆ ಕೊಂಬು, ತಲೆಕಟ್ಟು;
ಯಾರದೋ ಲಗ್ನಪತ್ರಿಕೆ, ಯಾರದೋ ತಿಥಿ,
ಕಂಪನಿ ನಾಟಕದ ಹ್ಯಾಂಡಬಿಲ್ಲು
ಒಂದೇ ಹನಿಯಾಗಿ ನಡುಗಿದವು.
ಒಂದು ‘ಳ’ ಮಾತ್ರ ಬಹಳ ಹೊತ್ತು ತೇಲಿತು.
ಕಾಕಾ ಕಡ್ಡಿಯಿಂದ ಒತ್ತಿದ.
ಅಚ್ಚಿನಿಂದ ಬಿದ್ದ ಗುಂಡಿನ ಮೈ ನುಣುಪು,
ಓದಲು ಏನೂ ಇರಲಿಲ್ಲ.

ಎಲ್ಲಾ ಇತ್ತು. ಕೊಳವೆ ಒಂದೇ ಇಲ್ಲ.
ಆಗ ಕಿವಿಗೆ ಬಿತ್ತು, ಹುಟ್ಟಿದಂದಿನಿಂದ ಬೀಳುತ್ತಿದ್ದದ್ದು:
ಟಕ್ ಟಕ್ ಟಕ್.
ಪಡಸಾಲೆಯಲ್ಲಿ ಕಾಲು ಚಾಚಿ, ಹಲ್ಲಿಲ್ಲದ ಆಯಿ
ಸವಣೂರೆಲೆ, ಅಡಿಕೆ ಪುಡಿ, ಚಿಟಿಕೆ ಸುಣ್ಣ
ಹಳೆಯ ಬೋಲ್ಟಿನಿಂದ ಕುಟ್ಟುತ್ತಿದ್ದಳು
ಬೆರಳುದ್ದದ ಪಿತ್ತಾಳಿ ಒಳ್ಳಿನಲ್ಲಿ.
ಕಾಕಾನೂ ನಾನೂ ಮುಖ ಮುಖ ನೋಡಿಕೊಂಡೆವು.

‘ಕೊಡಂಗಿಲ್ಲ’ ಅಂದಳು, ಕೇಳುವ ಮೊದಲೇ.
‘ನಮ್ಮ ಮಾವ ಕೈಯಾಗ ಇಟ್ಟದ್ದು.
ಮೂವತ್ತೆರಡೂ ಹಲ್ಲಿದ್ದವು ನನಗ ಆಗ.
ಯಾತಕ್ಕ ಅಂದೆ. ಇಟಗೋ, ಬೇಕಾಕ್ಕೈತಿ ಅಂದ.’

ರಾತ್ರಿ ತಾನೇ ತೊಳೆದು ತಂದಿಟ್ಟಳು:
‘ನಾಳಿ ಊಟದೊಳಗ ವಾಪಸ್.’

ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಒಳಗಿನ ಕೆಂಪು ಹೋಗಲಿಲ್ಲ.
ಕಾಕಾ ತುಂಬಿದ,
ದೇವರ ಮನೆಯಲ್ಲಿ ಎಣ್ಣೆ ಹೊಯ್ಯುವವನ ಹಾಗೆ,
ಕೆಳತುಟಿ ಕಚ್ಚಿಕೊಂಡು.

ಗೋವಿನಜೋಳದ ಬದು, ಎದುರು ಹಾಳು ಬಾವಿಯ ಮಣ್ಣಿನ ದಿಬ್ಬ.
ಮೊದಲ ಸಲ: ಟಿಕ್.
ಅಷ್ಟೇ.
‘ನನ್ನ ಕಡೆ ನೋಡಬ್ಯಾಡ’ ಅಂದ ಕಾಕಾ,
ಕ್ಯಾಪು ಬದಲಿಸಿದ.
ಎರಡನೆಯದಕ್ಕೆ
ದಿಬ್ಬ ಧೂಳಾಯಿತು, ಮೂರು ಊರಿನ ನಾಯಿ ಬೊಗಳಿದವು,
ಕಾಕಾ ಸಾಲಿನಲ್ಲಿ ಕುಂಡಿ ಊರಿ ಕೂತಿದ್ದ.
ಬಿಳಿ ಹೊಗೆ ಬಹಳ ಹೊತ್ತು ಕದಲಲಿಲ್ಲ.
ಅದಕ್ಕೆ ಸುಟ್ಟ ಎಲೆಯ ವಾಸನೆ,
ಆಯಿ ಎದೆಗವಚಿಕೊಂಡಾಗ ಬರುವ ವಾಸನೆ.
‘ಉಸಿರಾಡತೈತಿ’ ಅಂದ, ಕೆಮ್ಮುತ್ತ.

ಊಟದ ಹೊತ್ತಿಗೆ ಆಯಿ ಕೈ ಚಾಚಿದಳು.
ಮೂರು ನೀರಿನಲ್ಲಿ ತೊಳೆದು, ಮೂಸಿ ಮೂತಿ ತಿರುವಿ,
ಇನ್ನೊಂದು ನೀರಿನಲ್ಲಿ ತೊಳೆದು,
ಬೋಲ್ಟು ಇಳಿಬಿಟ್ಟು ನೋಡಿದಳು.
‘ಬಾಯಿ ಒಂದೀಟು ಅಗಲಾಗೇತಿ. ಚಲೋನ ಆತು.’
ಎಲೆ ಮಡಚಿ ತುರುಕಿದಳು.

ಚೀಟಿ ಬಿಚ್ಚಲಿಲ್ಲ ಕಾಕಾ,
ಬಂದೂಕಿನ ಕೊರಳಿಂದ.
ಪಂಚಾಯ್ತಿ ಎಲೆಕ್ಷನ್ ಹತ್ತಿರ ಬಂದಿತ್ತು.