ಕಾಲರಿನ ಅಡಿಯಲ್ಲಿ

ಹೋದದ್ದು ಇಸ್ತ್ರಿಪೆಟ್ಟಿಗೆಗೆ.
ಕೋಣೆಯದು ಸತ್ತು ವಾರವಾಗಿತ್ತು,
ಆರು ಜನ ಆರು ಬಗೆಯಲ್ಲಿ ಸುಕ್ಕುಗಟ್ಟಿದ್ದೆವು.
"ಹೊಸದಕ್ಕೆ ಏಳು ದಿನಾರು ಸುರಿಯಬೇಡ ಮಾರಾಯಾ,
ಜುಮಾ ಬಜಾರಿಗೆ ನಡಿ" ಎಂದು ಶೇಕಬ್ಬಾಕ
ಸೀಟಿನ ಮೇಲಿನ ಈರುಳ್ಳಿ ಚೀಲ ಸರಿಸಿ ನನ್ನನ್ನು ತುರುಕಿದರು.

ಕುವೈತಿನ ಅಲ್-ರೈ. ಚಳಿ ಇನ್ನೇನು ಬರಬೇಕು.
ತಗಡಿನ ಚಪ್ಪರ, ಚಪ್ಪರದ ಮೇಲೆ ಧೂಳು,
ಧೂಳಿನ ಮೇಲೆ ಒಬ್ಬ ಮಿಸ್ರಿಯ ಗಂಟಲು:
"ರುಬಾ ದಿನಾರ್! ರುಬಾ! ರುಬಾ!"

ಈ ಊರು ಬಿಟ್ಟವರು ವಿಮಾನಕ್ಕೆ ಹತ್ತಿಸಲಾಗದ್ದೆಲ್ಲ
ಇಲ್ಲಿ ಬಂದು ಕಾಲು ಚಾಚಿ ಮಲಗಿದೆ.
ಒಂಟಿ ಊರುಗೋಲು.
ಹಲ್ಲಿನ ಡಾಕ್ಟರರ ಕುರ್ಚಿ, ಅದರಲ್ಲಿ ಒರಗಿ ಚಾ ಹೀರುವ ಪಠಾಣ.
ಯಾರದೋ ಮದುವೆಯ ಫೋಟೋ:
ಚೌಕಟ್ಟಿಗಷ್ಟೇ ಬೆಲೆ, ವಧೂವರರು ಪುಕ್ಕಟೆ.
ಹಕ್ಕಿಗಳ ಓಣಿಯಲ್ಲಿ ಗಿಳಿಯೊಂದು
"ಸುಆದ್, ಸುಆದ್" ಎಂದು ಬಾಗಿಲು ನೋಡಿ ಕರೆಯುತ್ತಿತ್ತು.
ಹೆಸರು ಕಲಿತ ಗಿಳಿಗೆ
ಎರಡು ದಿನಾರು ಕಡಿಮೆಯಂತೆ.

ಬಟ್ಟೆಯ ಗುಡ್ಡೆಗೆ ನಾನು ಕೈ ಹಾಕಲೇಬಾರದಿತ್ತು.
ಇಪ್ಪತ್ತಾರು ವರ್ಷ ಬಟ್ಟೆಯಲ್ಲೇ ಬದುಕಿದ ಕೈ,
ಕಣ್ಣಿಗಿಂತ ಮೊದಲು ಅದಕ್ಕೆ ತಿಳಿಯುತ್ತದೆ.
ಕಂದು ಉಣ್ಣೆಯ ಕೋಟು.
ತೋಳು ಸೇರುವಲ್ಲಿ ಆ ಚೂರು ಸಡಿಲ,
ನಾನು ಬಿಡುವಷ್ಟೇ ಸಡಿಲ,
ತೊಟ್ಟವನು ಬಗ್ಗಿ ಮಗುವನ್ನು ಎತ್ತಿಕೊಳ್ಳುವಂತಿರಲಿ ಎಂದು.
ಕಾಲರು ಮಗುಚಿದೆ.
ಬಾಲ್‌ಪೆನ್ನಿನ ನೀಲಿಯಲ್ಲಿ, ಮಾಸಿದ್ದರೂ ನೆಟ್ಟಗೆ:
೪೨ — ೩೮ — ೨೪॥

"ಅಂಕಿ ಮಾತ್ರ ಕನ್ನಡದಲ್ಲೇ ಬರಿ,
ತನ್ನ ಹೊಟ್ಟೆಯ ಸುತ್ತಳತೆ ಗಿರಾಕಿಗೇ ಓದಲಿಕ್ಕೆ ಬರಬಾರದು"
ಎನ್ನುತ್ತಿದ್ದರು ಗಂಗೊಳ್ಳಿಯ ಪಾವ್ಲು ಮಾಸ್ಟ್ರು.

"ಇದೇನು ಬರೆದದ್ದು?" ಕೇಳಿದೆ.
ಬರಿಸಾಲಿನ ಹುಡುಗ ಕಣ್ಣು ಕಿರಿದು ಮಾಡಿ ನೋಡಿದ.
"ಇಟಲಿ. ಕಂಪನಿ ಗುರುತು. ಮೂರು ದಿನಾರು."
"ಇಟಲಿಯ ಹೊಲಿಗೆ ಇಷ್ಟು ಸಾಧಾರಣವೇ?"
ಹೇಳುವಾಗ ನಾಲಗೆ ತುಸು ಸುಟ್ಟಿತು.
"ಎಳೆದು ನೋಡು ಸದೀಕ್! ಒಂದು ಎಳೆ ಬಂದರೆ ಪುಕ್ಕಟೆ!"
ಅವನೇ ಎಳೆದ. ಬರಲಿಲ್ಲ.
ಮಿರ್ಗಾಬಿನ ನಮ್ಮ ಅಂಗಡಿಯಲ್ಲಿ
ಇಷ್ಟು ವರ್ಷ ಯಾರೂ ನನ್ನ ಪರವಾಗಿ ಹೀಗೆ ವಾದಿಸಿದ್ದಿಲ್ಲ.
ಅಲ್ಲಿ ಕೇಳುವುದೊಂದೇ: ಯಾವಾಗ ಸಿಗುತ್ತದೆ?

ಯಾರಿಗೆ ಹೊಲಿದೆ? ಮುಖ ನೆನಪಿಲ್ಲ.
ಎಡ ಹೆಗಲು ಕಾಲಿಂಚು ಕೆಳಗಿತ್ತು,
ಒಳಗೆ ಹತ್ತಿ ಇಟ್ಟು ಸಮ ಮಾಡಿದ್ದೆ.
ಒತ್ತಿ ನೋಡಿದೆ. ಹತ್ತಿ ಅಲ್ಲೇ ಇದೆ.
ಹೆಗಲು ಯಾವ ದೇಶಕ್ಕೆ ಹೋಯಿತೋ.

ನನ್ನ ಕೈಯಿಂದ ಕೋಟು ಸರಕ್ಕನೆ ಜಾರಿತು.
ನೇಪಾಳದವನಿರಬೇಕು, ರಾತ್ರಿಪಾಳಿಯ ಕಾವಲುಗಾರ,
ಎದೆಗೆ ಡಿಕ್ಕಿ ಹೊಡೆಯುವ ಗುರುತಿನ ಚೀಟಿ: ದಿಲ್ಮಾನ್.
ತೊಟ್ಟುಕೊಂಡ. ತೋಳು ಬೆರಳು ನುಂಗಿತು.
ಎರಡು ದಿನಾರಿಗೆ ಇಳಿಸಿದ, ನನಗಿಂತ ಚಂದವಾಗಿ.

ಸುಮ್ಮನಿರಲಿಕ್ಕಾಗಲಿಲ್ಲ.
ಮಣಿಕಟ್ಟಿನಲ್ಲಿ ಮಡಚಿ ಹಿಡಿದೆ, ಹಿಂದೆ ಸರಿದೆ,
ತಲೆ ಓರೆ ಮಾಡಿ ನೋಡಿದೆ.
"ನಾಳೆ ಅಂಗಡಿಗೆ ತಾ. ದುಡ್ಡು ಬೇಡ."
ಜೇಬಿನ ಪೆನ್ನು ತೆಗೆದು, ಕಾಲರು ಮಗುಚಿ,
೨೪॥ ಹೊಡೆದು ಹಾಕಿ
ಪಕ್ಕದಲ್ಲಿ ೨೩ ಬರೆದೆ.

"ಅರೇ ಭಾಯಿ!" ಹುಡುಗ ಚೀರಿದ,
"ಇಟಲಿ ಖರಾಬ್ ಮಾಡಿದ್ಯಲ್ಲಾ!"

ಕಾರಿನಲ್ಲಿ ಶೇಕಬ್ಬಾಕ ನನ್ನ ಖಾಲಿ ಕೈ ನೋಡಿದರು.
ಹಿಂದೆ ಈರುಳ್ಳಿ ಚೀಲ ನೋಡಿದರು.
ಮತ್ತೆ ನನ್ನ ಅಂಗಿ ನೋಡಿ
ಏನೂ ಹೇಳದೆ ಗೇರು ಹಾಕಿದರು.