ಕಾರಣದ ಕಾಲಂ

ಕಲಾಸಿಪಾಳ್ಯದಿಂದ ನಡೆದರೆ ಹತ್ತು ನಿಮಿಷ.
ಹದಿನೇಳನೇ ನಂಬರಿನ ಕೋಣೆ:
ಹಲ್ಲು, ದವಡೆ, ಮುಖದ ಮೂಳೆ.
ನಾನು ಡಾಕ್ಟರಲ್ಲ, ಬರೆದುಕೊಳ್ಳುವವಳು.
ಹೆಸರು, ವಯಸ್ಸು, ಏರಿಯಾ, ಬಂದ ಹೊತ್ತು,
ಕೊನೆಗೆ ಒಂದೂವರೆ ಇಂಚಿನ ಕಾಲಂ: ಕಾರಣ.

ಒಂದೂವರೆ ಇಂಚಿಗೆ ಹಿಡಿಸುವುದು ಕಲಿತಿದ್ದೇನೆ.
ನಾಯಂಡಹಳ್ಳಿಯ ಇಳಿಜಾರು, ಬಣ್ಣ ಬಳಿಯದ ಹಂಪು,
ಆರಿದ ಬೀದಿದೀಪ, ಬಕಲು ಹಾಕದ ಹೆಲ್ಮೆಟ್ಟು,
ತಣ್ಣಗಾಗಬಾರದಿದ್ದ ಯಾರದೋ ಬಿರಿಯಾನಿ,
ಎಲ್ಲ ಸೇರಿ 'ಬೈಕ್'.

ಬೆಳ್ಳಿಯಪ್ಪ ಡಾಕ್ಟರು ಪ್ರಬಂಧ ಬರೆಯುತ್ತಿದ್ದಾರೆ.
ಮೂರು ವರ್ಷದ ಪುಸ್ತಕಗಳನ್ನು ನನ್ನ ಮೇಜಿಗೆ ಸುರಿದು
ಗೀಟು ಹಾಕಿಸುತ್ತಾರೆ. ನಾಲ್ಕು ಉದ್ದ, ಒಂದು ಅಡ್ಡ,
ಸೌದೆಯ ಹೊರೆ ಕಟ್ಟಿದ ಹಾಗೆ ಐದೈದು.
ರಸ್ತೆ. ಬಿದ್ದದ್ದು. ಹೊಡೆದಾಟ. ಆಟ.
ಶನಿವಾರ ರಾತ್ರಿಯ ಪುಟಗಳಲ್ಲಿ ರಸ್ತೆಯ ಹೊರೆ ಹೊರಲಾಗದಷ್ಟು.
ಉಳಿದದ್ದು 'ಇತರೆ':
ಸೋಡಾ ಮುಚ್ಚಳವನ್ನು ಹಲ್ಲಿನಲ್ಲೇ ತೆಗೆಯುತ್ತೇನೆಂದು ಪಂತ ಕಟ್ಟಿದವನು,
ಹಸು ನೊಣಕ್ಕೆಂದು ತಲೆ ಕೊಡವಿದರೆ
ಮೂಗಿನ ಮೂಳೆ ಕೊಟ್ಟುಕೊಂಡ ಹಾಲಿನ ಮುದುಕಿ.
'ಪಾಪ, ಅದಕ್ಕೆ ಗೊತ್ತಾಗಲಿಲ್ಲ,' ಅಂದಳು ಹಸುವಿನ ಪರವಾಗಿ.

ಗೋರಿಪಾಳ್ಯದ ತೌಸೀಫ್, ಒಂಬತ್ತು ವರ್ಷ.
ಅವನಪ್ಪನ ಕೈಯಲ್ಲಿ ಅರ್ಧ ಲೀಟರಿನ ಪ್ಯಾಕೆಟ್ಟು,
ಮೂಲೆ ಕತ್ತರಿಸಿ ಒಳಗೆ ಬಿಟ್ಟ ಮುಂದಿನ ಹಲ್ಲು.
'ಅಂಗಡಿಯಮ್ಮ ಹೇಳಿದ್ಲು ಮೇಡಂ.
ಉಜ್ಜಬೇಡ, ಹಾಲಿಗೆ ಹಾಕು, ಓಡು ಅಂದ್ಲು.'
ಹಾಲುಹಲ್ಲಾದರೆ ಸೂರಿನ ಮೇಲೆ ಎಸೆಯುತ್ತಿದ್ದೆವು.
ಇದು ಹಾಲಿನಲ್ಲಿ ಬಂದ ಹಲ್ಲು. ಕಚ್ಚಿಕೊಂಡಿತು.
ಕಾರಣ: ಕ್ರಿಕೆಟ್.
ಅಂಗಡಿಯಮ್ಮನಿಗೆ ಕಾಲಂ ಇಲ್ಲ.

ದಾಕ್ಷಾಯಿಣಿ, ಮೂವತ್ತೆರಡು, ಲಗ್ಗೆರೆ, ಗಾರ್ಮೆಂಟ್ಸು.
ಮಾರ್ಚಿನಲ್ಲಿ ಕೆನ್ನೆಯ ಮೂಳೆ. ಬಚ್ಚಲಲ್ಲಿ ಜಾರಿದ್ದು.
ಆಗಸ್ಟಿನಲ್ಲಿ ಎರಡು ಹಲ್ಲು. ಬಚ್ಚಲು.
ದಸರೆ ಕಳೆದು ದವಡೆ. ಬಚ್ಚಲು.
ಮೂರು ಸಲವೂ ಎಡಗಡೆ.
ಅವಳ ಬಚ್ಚಲಿಗೆ ಬಲಗೈ ರೂಢಿ.
ಹಿಂದೆ ನಿಂತವನು ವಯಸ್ಸು, ಏರಿಯಾ ತಾನೇ ಹೇಳಿದ,
ಅವಳ ಬ್ಯಾಗು ಹಿಡಿದುಕೊಂಡಿದ್ದ, ಬಹಳ ಮರ್ಯಾದೆಯವನು.
ನಾನು ಬರೆದೆ. ಮೂರು ಸಲವೂ ಬರೆದೆ.
ಶಾಲೆಯಲ್ಲಿ ಮುಖಭಂಗ ಎಂದರೆ ಅವಮಾನ ಅಂತ
ಅರ್ಥ ಬರೆಸಿದ್ದರು. ಆ ಕೈಬರಹ ಇನ್ನೂ ದುಂಡಗೇ ಇದೆ.

ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ತಂತಿ ಬಿಗಿದರು,
ಐದು ವಾರ ಗಂಜಿ, ಸ್ಟ್ರಾ.
ತಂತಿ ನೋಡಿಸಲು ಒಬ್ಬಳೇ ಬಂದಳು, ಶಿಫ್ಟು ತಪ್ಪಿಸಿ.
ಮೇಜಿಗೆ ಬಾಗಿ, ಬಾಯಿ ಬಿಡದೆ,
ಹಲ್ಲುಸಂದಿಯಿಂದ ಒಂದೊಂದೇ ಅಕ್ಷರ ಹೊರಗೆ ತಳ್ಳಿ
ಕೇಳಿದಳು: 'ಹಿಂದಿಂದು... ತಿದ್ದಕ್ಕಾಗತ್ತಾ?'

ಬಾಯಿ ಬಿಡುವಂತಿದ್ದಾಗ ಬಾರದ ಮಾತು.

ಪುಸ್ತಕದಲ್ಲಿ ಅಳಿಸುವ ಹಾಗಿಲ್ಲ.
ಕೆಂಪಿನಲ್ಲಿ ಹೊಡೆದು, ಮೇಲೆ ಬರೆದು, ಪಕ್ಕ ಸಹಿ ಹಾಕಬೇಕು.
ಹಾಕಿದೆ, ಮೂರು ಕಡೆ.
ಬೆಳ್ಳಿಯಪ್ಪ ಡಾಕ್ಟರು ಹೊರಚೌಕಿಗೆ ಫೋನು ಮಾಡಿ
ಅವಳನ್ನು ಒಳಗೆ ಕೂರಿಸಿಕೊಂಡರು.
ಸಂಜೆ 'ಬಿದ್ದದ್ದು' ಕೆಳಗಿನಿಂದ ಮೂರು ಗೀಟು ಕಿತ್ತು
ಪಕ್ಕದ ಹೊರೆಗೆ ಹಾಕಿದೆವು.
ಅವರು ಪೆನ್ನು ಮುಚ್ಚಲಿಲ್ಲ. ಪುಟ ಹಿಂದಕ್ಕೆ ತಿರುವುತ್ತಾ ಹೋದರು:
ಬಚ್ಚಲು, ಬಚ್ಚಲು, ಮೆಟ್ಟಿಲು, ಬಾಗಿಲು ತಾಗಿದ್ದು,
ಬಚ್ಚಲು.
'ಎಷ್ಟು ಜಾರ್ತಾರಮ್ಮ ಈ ಊರಲ್ಲಿ,' ಅಂದರು.
ಎಲ್ಲ ನನ್ನದೇ ದುಂಡು ಅಕ್ಷರ.

ಈಗ ಹೀಗೆ ಮಾಡುತ್ತೇನೆ.
ಹೆಸರು ಕೇಳುವ ಮೊದಲೇ, ಹಿಂದೆ ನಿಂತವರನ್ನು
ಆರನೇ ಕೌಂಟರಿಗೆ, ಸೀಲಿಗೆ, ಕಳಿಸುತ್ತೇನೆ.
ಆ ಸೀಲು ಬೇಕಾಗಿಲ್ಲ.
ಅಲ್ಲಿ ಸಾಲು ಮಾತ್ರ ಉದ್ದ.